ಮೋಸ ಶುರುವಾಗುವುದು ಊರಿನಲ್ಲೇ: ಕರಾವಳಿಯಿಂದ ವಿದೇಶಕ್ಕೆ ಹೊರಟವರಿಗೆ ಮಾರ್ಗದರ್ಶಿ

ವಿದೇಶಕ್ಕೆ ಹೊರಟವರಿಗೆ ನೆಂಟರಿಷ್ಟರು ಹೇಳುವ ಬುದ್ಧಿಮಾತು ಹೆಚ್ಚಾಗಿ ಒಂದೇ: ಅಲ್ಲಿ ಕಿಸೆಗಳ್ಳರು ಜಾಸ್ತಿ, ಪರ್ಸು ಜೋಪಾನ. ಮಾತು ಸುಳ್ಳಲ್ಲ. ಆದರೆ ಪ್ಯಾರಿಸ್ಸಿನ ಮೆಟ್ರೊದಲ್ಲಿ ಪರ್ಸು ಹೋದರೆ ಕೆಲವು ಸಾವಿರ ರೂಪಾಯಿ ಹೋಗುತ್ತದೆ, ಒಂದೆರಡು ದಿನ ಹಾಳಾಗುತ್ತದೆ. ಕುಮಟಾದಲ್ಲೋ ಭಟ್ಕಳದಲ್ಲೋ ಒಂದು ಕೋಣೆ ಹಿಡಿದು ಕೂತ 'ವೀಸಾ ಏಜೆಂಟ'ನ ಕೈಗೆ ಪಾಸ್‌ಪೋರ್ಟು ಮತ್ತು ಎರಡು ಲಕ್ಷ ಕೊಟ್ಟು ಮೋಸಹೋದರೆ ಸಾಲ ತೀರಿಸುವುದರಲ್ಲೇ ವರ್ಷಗಳು ಕಳೆಯುತ್ತವೆ. ಹಾಗಾಗಿ ಇಲ್ಲಿ ಊರಿನಲ್ಲೇ ಮುಗಿಸಬೇಕಾದ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ, ಬೀದಿಯ ಮೋಸಕ್ಕೆ ಕಡಿಮೆ.

ಉತ್ತರ ಕನ್ನಡದಿಂದ ಹೊರಹೋಗುವವರು ಒಂದೇ ಬಗೆಯವರಲ್ಲ. ಭಟ್ಕಳ, ಹೊನ್ನಾವರದವರು ಗಲ್ಫಿಗೆ ದುಡಿಯಲು, ಕಾರವಾರದ ಹುಡುಗರು ಹಡಗಿಗೆ, ಶಿರಸಿ, ಸಿದ್ದಾಪುರದ ತಂದೆತಾಯಿ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ, ಈಚೆಗೆ ಎಲ್ಲ ಕಡೆಯವರೂ ಥಾಯ್ಲೆಂಡ್, ವಿಯೆಟ್ನಾಂ, ಬಾಲಿಗೆ ಪ್ಯಾಕೇಜ್ ಟೂರ್. ನಿಮಗೆ ಬೇಕಾದ ಭಾಗ ನೋಡಿಕೊಳ್ಳಿ.

ಕೆಲಸಕ್ಕೆ ಹೋಗುವವರು

ಮೊದಲ ಕೆಲಸ, ಏಜೆಂಟನ ಪರವಾನಗಿ ನೋಡುವುದು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಹೆಸರು ಇದೆಯೇ ಎಂದಷ್ಟೇ ನೋಡಿ ಬಿಡಬೇಡಿ. ಪರವಾನಗಿ ಈಗ ಚಾಲ್ತಿಯಲ್ಲಿದೆಯೇ, ಅವಧಿ ಮುಗಿದಿದೆಯೇ, ಅಮಾನತಾಗಿದೆಯೇ, ವಿಳಾಸ ಯಾವುದು ಎಂದು ಓದಿ. ನಮ್ಮ ಕಡೆ ಮಾಮೂಲಾಗಿ ಕೇಳುವ ಮಾತು, 'ಆಫೀಸು ಮುಂಬೈಯಲ್ಲಿದೆ, ನಾನು ಇಲ್ಲಿಯ ಸಬ್ ಏಜೆಂಟ್.' ಪರವಾನಗಿ ಇರುವುದು ನೋಂದಾಯಿತ ಏಜೆಂಟನಿಗೆ ಮಾತ್ರ. ಅವನ ಹೆಸರು ಹೇಳಿಕೊಂಡು ಊರಿನಲ್ಲಿ ದುಡ್ಡು ಎತ್ತುವ ದಲ್ಲಾಳಿಗೆ ಇಲ್ಲ. ಮುಂಬೈ ಆಫೀಸಿಗೆ ನೀವೇ ಫೋನ್ ಮಾಡಿ ವಿಚಾರಿಸಿ. ನಂಬರನ್ನು ಜಾಲತಾಣದಿಂದ ತೆಗೆದುಕೊಳ್ಳಿ, ದಲ್ಲಾಳಿ ಕೊಟ್ಟ ಕಾರ್ಡಿನಿಂದ ಬೇಡ. ಅಸಲಿ ಕಂಪನಿಯ ಹೆಸರು, ಪರವಾನಗಿ ಸಂಖ್ಯೆ ಎರಡನ್ನೂ ಕದ್ದು ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಫೋನ್ ನಂಬರು ಮಾತ್ರ ತಮ್ಮದು ಹಾಕುವವರಿದ್ದಾರೆ.

ಎರಡನೆಯದು ದುಡ್ಡು. ನೋಂದಾಯಿತ ಏಜೆಂಟ್ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಕಾನೂನಿನ ಮಿತಿಯಿದೆ: 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕೆ ರಸೀದಿ ಕೊಡಬೇಕು. ಒಂದೂವರೆ ಲಕ್ಷ ಕೇಳಿದರೆ, ನಗದೇ ಬೇಕೆಂದರೆ, 'ರಸೀದಿ ಆಮೇಲೆ' ಎಂದರೆ ಅಲ್ಲಿಂದ ಎದ್ದು ಬರುವುದೇ ಸರಿ. ಚೌಕಾಸಿ ಮಾಡಿ ಒಂದು ಲಕ್ಷಕ್ಕೆ ಇಳಿಸಿದೆ ಎಂದು ಖುಷಿಪಡುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ.

ಮೂರನೆಯದು ವೀಸಾ ಯಾವ ಬಗೆಯದು ಎಂಬುದು. 'ಈಗ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದಮೇಲೆ ಎಂಪ್ಲಾಯ್‌ಮೆಂಟ್ ಮಾಡಿಸ್ತೇವೆ' ಎನ್ನುವ ಮಾತಿನ ಹಿಂದೆ ಒಂದು ಲೆಕ್ಕಾಚಾರವಿದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್, ಅಂದರೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾದ ವರ್ಗದ್ದು. ಅಂಥವರು ಯುಎಇ, ಸೌದಿ, ಕುವೈತ್, ಕತಾರ್, ಒಮಾನ್, ಬಹರೇನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಬೇಕು. ಅನುಮತಿ ಸಿಗಬೇಕಾದರೆ ಕೆಲಸದ ಕರಾರುಪತ್ರ, ಸಂಬಳ, ಮಾಲೀಕನ ವಿವರ ಎಲ್ಲವೂ ಇ-ಮೈಗ್ರೇಟ್‌ನಲ್ಲಿ ದಾಖಲಾಗಬೇಕು. ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ಅಪಘಾತ ವಿಮೆಯನ್ನೂ ಮಾಡಿಸಬೇಕು. ಅದರ ಕಂತು ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಅಷ್ಟೆ. ವಿಸಿಟ್ ವೀಸಾದಲ್ಲಿ ಕಳಿಸಿದರೆ ಇದ್ಯಾವುದೂ ಏಜೆಂಟನ ಕೊರಳಿಗೆ ಬರುವುದಿಲ್ಲ. ಅಲ್ಲಿ ಸಂಬಳ ನಿಂತುಹೋದರೆ ದೂತಾವಾಸದವರ ಕೈಯಲ್ಲಿ ಹಿಡಿದುಕೊಂಡು ಕೇಳಲು ಒಂದು ಕಾಗದವೂ ಇರುವುದಿಲ್ಲ. ಅದರ ಮೇಲೆ ವೀಸಾ ಅವಧಿ ಮುಗಿದ ದಂಡ ಬೇರೆ.

ಕರಾರುಪತ್ರದ ಒಂದು ಪ್ರತಿ ಮನೆಯಲ್ಲಿರಲಿ. ಅಲ್ಲಿಗೆ ಹೋದಮೇಲೆ ಮಾಲೀಕ 'ಪಾಸ್‌ಪೋರ್ಟು ನಮ್ಮ ಹತ್ತಿರ ಇರಲಿ' ಎಂದರೆ, ಅದಕ್ಕೆ ಯುಎಇ, ಸೌದಿ, ಕತಾರ್ ಕಾನೂನಿನಲ್ಲೇ ಅವಕಾಶವಿಲ್ಲ ಎಂಬುದು ಗೊತ್ತಿರಲಿ. ವೀಸಾ ಮುದ್ರೆಗೆಂದು ಕೆಲವು ದಿನ ಕೊಡಬೇಕಾಗಬಹುದು, ಆಗ ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಹಾಗೆಯೇ ನಿಮ್ಮ ಎಮಿರೇಟ್ಸ್ ಐಡಿ (ಯುಎಇಯ ಗುರುತಿನ ಚೀಟಿ) ಕೊಟ್ಟು ಬೇರೆಯವರಿಗೆ ಸಿಮ್ ತೆಗೆಸಿಕೊಡುವುದು, ಬ್ಯಾಂಕ್ ಖಾತೆಯನ್ನು 'ಒಂದು ತಿಂಗಳ ಮಟ್ಟಿಗೆ' ಗೆಳೆಯನಿಗೆ ಬಿಡುವುದು ಬೇಡ. ಆ ಖಾತೆಯಲ್ಲಿ ಮೋಸದ ಹಣ ಓಡಾಡಿದರೆ ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರನ್ನು.

ಹಡಗಿಗೆ ಹೋಗುವವರ ನಿಯಮ ಇನ್ನೂ ಸರಳ. ನಾವಿಕರನ್ನು ಹಡಗಿಗೆ ಕಳಿಸುವ ಕಂಪನಿಗೆ ಡಿಜಿ ಶಿಪ್ಪಿಂಗ್‌ನ (ಕೇಂದ್ರ ಸರ್ಕಾರದ ಹಡಗು ಇಲಾಖೆ) ಆರ್‌ಪಿಎಸ್‌ಎಲ್ ಪರವಾನಗಿ, ಅಂದರೆ ನಾವಿಕರನ್ನು ನೇಮಿಸಿ ಕಳಿಸುವ ಪರವಾನಗಿ, ಇರಬೇಕು, ಮತ್ತು ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಅದು ದುಡ್ಡು ತೆಗೆದುಕೊಳ್ಳುವಂತಿಲ್ಲ. ಅಂದರೆ ಹಡಗು ಹತ್ತಿಸಲು ಮೂರು ಲಕ್ಷ ಕೇಳಿದ್ದೇ ಮೋಸಕ್ಕೆ ಪುರಾವೆ, ಬೇರೆ ತನಿಖೆ ಬೇಕಿಲ್ಲ. ಪರವಾನಗಿ ಪಟ್ಟಿ ಡಿಜಿ ಶಿಪ್ಪಿಂಗ್ ಜಾಲತಾಣದಲ್ಲಿದೆ. ಪಟ್ಟಿಯಲ್ಲಿಲ್ಲದವರ ಮೂಲಕ ಹೋದವರು ಸಂಬಳವಿಲ್ಲದ ಲಡಕಾಸಿ ಹಡಗಿನಲ್ಲಿ, ಮಾಲೀಕ ಕೈಬಿಟ್ಟ ಬಂದರಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತಾರೆ. ಗಲ್ಫಿನ ಮೀನುಗಾರಿಕೆ ದೋಣಿಗೆ ಹೋಗುವವರಿಗೆ ಬೇರೆಯೇ ಅಪಾಯವಿದೆ: ಕಡಲಿನಲ್ಲಿ ಗಡಿರೇಖೆ ಕಣ್ಣಿಗೆ ಕಾಣುವುದಿಲ್ಲ. ದುಬೈಯ ದೋಣಿಗಳಲ್ಲಿ ದುಡಿಯುತ್ತಿದ್ದ ನಮ್ಮ ಜಿಲ್ಲೆಯ ಮೀನುಗಾರರು 2018ರಲ್ಲಿ ಗಡಿ ದಾಟಿದ ಆರೋಪದ ಮೇಲೆ ಇರಾನಿನಲ್ಲಿ ಸಿಕ್ಕಿಕೊಂಡದ್ದು ಇಲ್ಲಿಯವರಿಗೆ ನೆನಪಿದೆ. ದೋಣಿ ಯಾರ ಹೆಸರಿನಲ್ಲಿದೆ, ನೋಂದಣಿ ಸಂಖ್ಯೆ ಏನು, ಮಾಲೀಕನ ಫೋನ್ ಯಾವುದು ಎಂಬುದನ್ನು ಮನೆಗೆ ತಿಳಿಸಿಡಿ.

ಡಿಗ್ರಿ ಮುಗಿಸಿ ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಬರುವ ಬಲೆ ಬೇರೆ ತರಹದ್ದು. ಟೆಲಿಗ್ರಾಂನಲ್ಲಿ 'ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ, ಕಸ್ಟಮರ್ ಸಪೋರ್ಟ್, ಸಂಬಳ ಲಕ್ಷ, ಟಿಕೆಟ್ ಕಂಪನಿಯದ್ದೇ' ಎಂಬ ಸಂದೇಶ ಬರುತ್ತದೆ. ಸಂದರ್ಶನ ಹತ್ತು ನಿಮಿಷದ ವಿಡಿಯೊ ಕರೆ, ಟೈಪಿಂಗ್ ವೇಗ ಕೇಳುತ್ತಾರೆ. ಬ್ಯಾಂಕಾಕಿನಲ್ಲಿ ಇಳಿದವರನ್ನು ಕಾರಿನಲ್ಲಿ ಮೇ ಸಾಟ್‌ವರೆಗೆ ಒಯ್ದು, ಮೋಯಿ ನದಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿ ಕಡೆಯ ಕಾಂಪೌಂಡಿನೊಳಗೆ ಹಾಕುತ್ತಾರೆ. ಅಲ್ಲಿ ಪಾಸ್‌ಪೋರ್ಟು ಕಿತ್ತುಕೊಂಡು, ಹೊಡೆದು ಬಡಿದು ಆನ್‌ಲೈನ್ ವಂಚನೆಯ ಕೆಲಸ ಮಾಡಿಸುತ್ತಾರೆ. ಕಾಂಬೋಡಿಯಾ ಮತ್ತು ಲಾವೋಸಿನ ಗೋಲ್ಡನ್ ಟ್ರಯಾಂಗಲ್ ವಲಯದಲ್ಲೂ ಇದೇ ಕತೆ. 2025ರ ಮಾರ್ಚ್‌ನಲ್ಲಿ ಭಾರತೀಯ ವಾಯುಪಡೆಯ ವಿಮಾನಗಳು ಮೇ ಸಾಟ್‌ನಿಂದ 500ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು. ಗುರುತು ಹಿಡಿಯುವುದು ಹೀಗೆ: ಕೆಲಸದ ಸ್ಥಳ ಥಾಯ್ಲೆಂಡ್ ಎಂದಿದ್ದರೂ ನಗರದ ಹೆಸರು, ಕಚೇರಿ ವಿಳಾಸ ಹೇಳುವುದಿಲ್ಲ. ವರ್ಕ್ ಪರ್ಮಿಟ್ ಕೇಳಿದರೆ 'ವೀಸಾ ಇಲ್ಲದೆಯೇ ಹೋಗಬಹುದಲ್ಲ' ಎನ್ನುತ್ತಾರೆ. ಪ್ರವಾಸಿಯಾಗಿ ಒಳಗೆ ಹೋಗಲು ಸಿಗುವ ಅನುಮತಿ ಕೆಲಸ ಮಾಡುವುದಕ್ಕಲ್ಲ.

ವೀಸಾ ಮತ್ತು ಅರೈವಲ್ ಕಾರ್ಡ್

ಪ್ರವಾಸಕ್ಕೆ ಹೋಗುವವರು ದುಡ್ಡು ಕಳೆದುಕೊಳ್ಳುವ ಮೊದಲ ಜಾಗ ಗೂಗಲ್ ಹುಡುಕಾಟದ ಮೇಲ್ಸಾಲು. ಅಲ್ಲಿ ಬರುವುದು ಜಾಹೀರಾತು. ಥಾಯ್ಲೆಂಡಿನ ಡಿಜಿಟಲ್ ಅರೈವಲ್ ಕಾರ್ಡ್ (ಅಲ್ಲಿ ಇಳಿಯುವ ಮೊದಲು ಆನ್‌ಲೈನಿನಲ್ಲಿ ತುಂಬುವ ಫಾರಂ) 2025ರ ಮೇ 1ರಿಂದ ಕಡ್ಡಾಯ, ಆದರೆ ಉಚಿತ. ಸಿಂಗಾಪುರ, ಮಲೇಷ್ಯಾದ್ದೂ ಉಚಿತ. ಇವುಗಳಿಗೆ ಬ್ಯಾಂಕ್ ಕಾರ್ಡಿನ ಮೂಲಕ ಶುಲ್ಕ ಕಟ್ಟಿ ಎಂದು ಕೇಳುವ ತಾಣ ನಕಲಿ ಅಥವಾ ಸುಮ್ಮನೆ ಕಮಿಷನ್ ಹೊಡೆಯುವುದು. ಹೋದ ಹಣಕ್ಕಿಂತ, ಅಲ್ಲಿ ತುಂಬಿಸಿದ ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕ, ಕಾರ್ಡ್ ವಿವರ ಬೇರೆಯವರ ಕೈಸೇರುವುದು ದೊಡ್ಡ ತೊಂದರೆ.

ಜಾಲತಾಣದ ವಿಳಾಸವನ್ನು ಬಲಗಡೆಯಿಂದ ಓದಿ. ಶುರುವಿನ 'https://' ಬಿಟ್ಟು, ಮೊದಲ ಓರೆಗೀಟಿಗೆ (/) ಮುಂಚಿನ ಕೊನೆಯ ತುಂಡು ಸರ್ಕಾರಿಯಾಗಿರಬೇಕು: ಥಾಯ್ಲೆಂಡಿಗೆ 'ಡಾಟ್ ಜಿಒ ಡಾಟ್ ಟಿಎಚ್', ಸಿಂಗಾಪುರಕ್ಕೆ 'ಡಾಟ್ ಜಿಒವಿ ಡಾಟ್ ಎಸ್‌ಜಿ', ವಿಯೆಟ್ನಾಂಗೆ 'ಡಾಟ್ ಜಿಒವಿ ಡಾಟ್ ವಿಎನ್'. ಎಡಗಡೆ ಎಷ್ಟೇ ಸಲ 'ಗವರ್ನಮೆಂಟ್', 'ಅಫಿಶಿಯಲ್' ಎಂದು ಬರೆದಿದ್ದರೂ ಅದಕ್ಕೆ ಬೆಲೆಯಿಲ್ಲ. ವಿಯೆಟ್ನಾಂ ಇ-ವೀಸಾ ಒಂದು ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50 ಡಾಲರ್. ಏಜೆಂಟ್ ಅದಕ್ಕಿಂತ ಹೆಚ್ಚು ಕೇಳಿದರೆ ಉಳಿದದ್ದು ಅವನ ಕೂಲಿ ಎಂದು ತಿಳಿದೇ ಕೊಡಿ. ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆ ಅಕ್ಷರ ಬಿಡದೆ ಇರಲಿ. ತಪ್ಪು ಹೆಸರಿನ ವೀಸಾ ಹಿಡಿದು ಗೋವಾ ಏರ್‌ಪೋರ್ಟಿನ ಕೌಂಟರಿನಲ್ಲಿ ನಿಂತವರಿಗೆ 'ತುರ್ತು ತಿದ್ದುಪಡಿ' ಎಂದು ಇನ್ನೊಬ್ಬ ಗಂಟು ಬೀಳುತ್ತಾನೆ.

ಇನ್ನೊಬ್ಬರ ಪೊಟ್ಟಣ

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ನಮ್ಮ ಕಡೆ ಇಲ್ಲವೆನ್ನುವುದೇ ಕಷ್ಟ. ಹೊರಡುವ ಹಿಂದಿನ ಸಂಜೆ ಪರಿಚಯದವರು ಬರುತ್ತಾರೆ. 'ತಮಾ, ಇದೊಂದು ಪೊಟ್ಟಣ ನಮ್ಮ ಅಳಿಯನಿಗೆ ಮುಟ್ಟಿಸಿಬಿಡು. ಅಪ್ಪೆಮಿಡಿ ಉಪ್ಪಿನಕಾಯಿ, ಒಂಚೂರು ಒಣ ಸೆಟ್ಲಿ, ಎರಡು ಮಾತ್ರೆ ಪಟ್ಟಿ.' ಪ್ಲಾಸ್ಟಿಕ್ ಟೇಪು ಸುತ್ತಿ ಸುತ್ತಿ ಗಟ್ಟಿ ಮಾಡಿದ ಕಟ್ಟು. ಏರ್‌ಪೋರ್ಟಿನಲ್ಲಿ ಅದನ್ನು ಬಿಚ್ಚಿದಾಗ 'ನನ್ನದಲ್ಲ' ಎಂದರೆ ಯಾರೂ ಕೇಳುವುದಿಲ್ಲ. ಲಗೇಜಿನ ಟ್ಯಾಗ್ ಯಾರ ಹೆಸರಿನಲ್ಲಿದೆಯೋ ವಸ್ತು ಅವರದ್ದೇ.

ಒಯ್ಯಲೇಬೇಕಾದರೆ ಹೀಗೆ ಮಾಡಿ. ಕಟ್ಟಿದ ಪೊಟ್ಟಣ ತೆಗೆದುಕೊಳ್ಳಬೇಡಿ, ಸಾಮಾನು ಬಿಡಿಯಾಗಿ ತರಲಿ, ಅವರೆದುರೇ ನೀವು ಕಟ್ಟಿ. ಉಪ್ಪಿನಕಾಯಿಗೆ ಚಮಚ ಹಾಕಿ ತಳದವರೆಗೆ ನೋಡಿ. ಬಟ್ಟೆಯ ಅಂಚು, ಚಪ್ಪಲಿಯ ಅಟ್ಟೆ ಮುಟ್ಟಿ ನೋಡಿ. ಬೇಜಾರು ಮಾಡಿಕೊಂಡರೆ ಅವರು ವಾಪಸು ಒಯ್ಯಲಿ, ಕೊರಿಯರ್ ಇದೆ. ಔಷಧಿಯನ್ನಂತೂ ಬೇರೆಯವರದ್ದು ಒಯ್ಯಲೇಬೇಡಿ. ನಮ್ಮಲ್ಲಿ ಚೀಟಿ ಕೊಟ್ಟರೆ ಸಿಗುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಯುಎಇಯಲ್ಲಿ ನಿಯಂತ್ರಿತ ಪದಾರ್ಥ. ನಿಮ್ಮದೇ ಔಷಧಿಯಾದರೆ ವೈದ್ಯರ ಚೀಟಿ, ಮಾತ್ರೆಯ ಮೂಲ ಪಟ್ಟಿ (ಸ್ಟ್ರಿಪ್) ಸಮೇತ ಒಯ್ಯಿರಿ, ಮುಂಗಡ ಅನುಮತಿ ಬೇಕೇ ಎಂದು ಅಲ್ಲಿಯ ಆರೋಗ್ಯ ಸಚಿವಾಲಯದ ತಾಣದಲ್ಲಿ ನೋಡಿ. ಇನ್ನೊಂದು ಹಲವರಿಗೆ ಗೊತ್ತಿಲ್ಲ: ಗಸಗಸೆ. ನಮ್ಮಲ್ಲಿ ಪಾಯಸಕ್ಕೆ ಹಾಕುವ ಅದೇ ಗಸಗಸೆ ಅಫೀಮಿನ ಗಿಡದ ಬೀಜವಾದ್ದರಿಂದ ಯುಎಇ, ಸೌದಿ, ಸಿಂಗಾಪುರದಲ್ಲಿ ನಿಷಿದ್ಧ. ಮಸಾಲೆ ಪುಡಿಯಲ್ಲಿ ಬೆರೆಸಿದ್ದರೂ ತೊಂದರೆ. ಅಗಿಯುವ ತಂಬಾಕು, ಗುಟ್ಕಾ ಸಿಂಗಾಪುರಕ್ಕೆ ಬೇಡ.

ವಾಪಸು ಬರುವಾಗಿನ ಪೊಟ್ಟಣ ಚಿನ್ನದ್ದು. 'ಈ ಚೈನು ಕೊರಳಿಗೆ ಹಾಕಿಕೊಂಡು ಹೋಗಿ, ಏರ್‌ಪೋರ್ಟಿನ ಹೊರಗೆ ನಮ್ಮವನು ತೆಗೆದುಕೊಳ್ಳುತ್ತಾನೆ, ಟಿಕೆಟ್ ದುಡ್ಡು ನಮ್ಮದು' ಎನ್ನುತ್ತಾರೆ. ಸಿಕ್ಕಿಬಿದ್ದರೆ ಕಸ್ಟಮ್ಸ್ ಕಾಯ್ದೆಯ 135ನೇ ಸೆಕ್ಷನ್ನಿನಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಸಿಕ್ಕಿಬೀಳದೆ ಚಿನ್ನ ದಾರಿಯಲ್ಲಿ ಕಳೆದುಹೋದರೆ ಕೊಟ್ಟವರು ಮನೆ ಬಾಗಿಲಿಗೆ ಬರುತ್ತಾರೆ. ಅದು ಇನ್ನೂ ಕೆಟ್ಟದ್ದು.

ಹಣ ಮತ್ತು ಮೊಬೈಲ್: ಹೊರಡುವ ಮೊದಲು

1. ನಿಮ್ಮ ಕಾರ್ಡಿನಲ್ಲಿ ವಿದೇಶಿ ಬಳಕೆ ತೆರೆದಿದೆಯೇ ನೋಡಿ. 2020ರ ಮಾರ್ಚ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ ತೆರೆದು, ದಿನದ ಮಿತಿಯನ್ನು ನಿಮಗೆ ಬೇಕಾದಷ್ಟಕ್ಕೇ ಇಳಿಸಿ. ಮಿತಿ 20,000 ಇದ್ದರೆ ಕಾರ್ಡ್ ನಕಲಾದರೂ ಒಂದು ದಿನಕ್ಕೆ ಹೋಗುವುದು ಅಷ್ಟೇ. ಊರಿಗೆ ಬಂದ ದಿನವೇ ಮುಚ್ಚಿ.

2. ಉಳಿತಾಯವೆಲ್ಲ ಇರುವ ಖಾತೆಯ ಕಾರ್ಡು ಒಯ್ಯಬೇಡಿ. ಪ್ರವಾಸಕ್ಕೆಂದೇ ಇನ್ನೊಂದು ಖಾತೆ ಅಥವಾ ಫಾರೆಕ್ಸ್ ಕಾರ್ಡು (ಮುಂಚೆಯೇ ವಿದೇಶಿ ಹಣ ತುಂಬಿಸಿಡುವ ಕಾರ್ಡು) ಇರಲಿ. ಎರಡು ಕಾರ್ಡು, ಎರಡು ಬೇರೆ ಚೀಲದಲ್ಲಿ.

3. ವಿದೇಶಿ ನೋಟನ್ನು ಅಧಿಕೃತ ವಿನಿಮಯದಾರರಲ್ಲೇ, ಬಿಲ್ಲಿನೊಂದಿಗೆ ತೆಗೆದುಕೊಳ್ಳಿ. ಮಡಗಾಂವ್, ಪಣಜಿ, ಹುಬ್ಬಳ್ಳಿ, ಮಂಗಳೂರಿನಲ್ಲಿ ಸಿಗುತ್ತಾರೆ. ಹೆಚ್ಚಿನ ದೇಶಗಳಿಗೆ ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ಮಾತ್ರ ನೋಟಿನ ರೂಪದಲ್ಲಿ ಸಿಗುತ್ತದೆ.

4. ಊರಿನ ಸಿಮ್ ಸತ್ತಿರದಂತೆ ನೋಡಿಕೊಳ್ಳಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ರೋಮಿಂಗ್ ತೆರೆದು, ರೀಚಾರ್ಜ್ ಅವಧಿ ವಾಪಸು ಬರುವ ದಿನದಾಚೆಗೂ ಇರುವಂತೆ ಹಾಕಿಸಿ. ಸಿಮ್‌ಗೆ ಪಿನ್ ಹಾಕಿ, ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಂತದ ಪರಿಶೀಲನೆ ತೆರೆಯಿರಿ.

5. ಬ್ಯಾಂಕಿನ 1800ರ ಉಚಿತ ನಂಬರು ಹೊರದೇಶದಿಂದ ಬಹುಪಾಲು ಹೋಗುವುದಿಲ್ಲ. ಕಾರ್ಡಿನ ಹಿಂದೆ ಅಥವಾ ಜಾಲತಾಣದಲ್ಲಿ +91ರಿಂದ ಶುರುವಾಗುವ ನಂಬರು ಇರುತ್ತದೆ. ಅದನ್ನು ಫೋನಿನಲ್ಲಷ್ಟೇ ಅಲ್ಲ, ಕಾಗದದಲ್ಲೂ ಬರೆದಿಟ್ಟುಕೊಳ್ಳಿ. ಫೋನೇ ಕಳುವಾದರೆ ಬೇಕಾಗುವುದು ಆ ಕಾಗದ.

6. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಟಿಕೆಟ್, ವಿಮೆ, ಇವುಗಳ ಪ್ರತಿ ಇಮೇಲಿನಲ್ಲೊಂದು, ಮನೆಯಲ್ಲೊಂದು. ಬಿಳಿ ಹಿನ್ನೆಲೆಯ ನಾಲ್ಕು ಫೋಟೊ ಕೂಡ ಇರಲಿ.

ಬೀದಿಯಲ್ಲಿ

ನೋಟು ಬದಲಿಸುವ ಅಂಗಡಿ ಬಾಲಿಯ ಕುತಾದಲ್ಲಿ ಅಡಿಗಡಿಗೆ ಇದೆ. ಬೋರ್ಡಿನ ದರ ಬ್ಯಾಂಕಿಗಿಂತ ಹೆಚ್ಚಿದ್ದರೆ ಅಲ್ಲಿಯೇ ಸಂಶಯಪಡಿ. ಅವನು ಸಣ್ಣ ನೋಟಿನ ಕಂತೆ ಎಣಿಸಿ ಮೇಜಿನ ಮೇಲಿಡುತ್ತಾನೆ, ನೀವೂ ಎಣಿಸುತ್ತೀರಿ, ಸರಿಯಿರುತ್ತದೆ. 'ಇನ್ನೊಂದು ಸಲ ನೋಡ್ತೇನೆ' ಎಂದು ವಾಪಸು ತೆಗೆದುಕೊಂಡು ಅಂಚು ಸರಿಮಾಡುವಾಗ ಕೆಲವು ನೋಟು ಮೇಜಿನ ಹಿಂದೆ ಬೀಳುತ್ತವೆ. ಕೊನೆಗೆ ಎಣಿಸುವವರು ನೀವಾಗಿರಬೇಕು, ಎಣಿಸಿದ ಮೇಲೆ ಅವನ ಕೈಗೆ ಕೊಡಬಾರದು. ವಿಯೆಟ್ನಾಮಿನಲ್ಲಿ 20,000 ಮತ್ತು 5,00,000 ಡಾಂಗ್ ನೋಟು ಎರಡೂ ನೀಲಿ. ಕತ್ತಲೆಯ ಟ್ಯಾಕ್ಸಿಯಲ್ಲಿ ಅದಲುಬದಲಾದರೆ 25 ಪಟ್ಟು ಹೋಯಿತು. ದೊಡ್ಡ ನೋಟು ಬೇರೆ ಕಿಸೆಯಲ್ಲಿರಲಿ.

ಎಟಿಎಂ ಅಥವಾ ಅಂಗಡಿಯ ಯಂತ್ರ 'ರೂಪಾಯಿಯಲ್ಲಿ ಕಟ್ಟುವಿರೋ, ಇಲ್ಲಿಯ ಕರೆನ್ಸಿಯಲ್ಲೋ' ಎಂದು ಕೇಳಿದರೆ ಅಲ್ಲಿಯದನ್ನೇ ಒತ್ತಿ. ರೂಪಾಯಿ ಒತ್ತಿದರೆ ದರ ನಿಗದಿ ಮಾಡುವವರು ಯಂತ್ರದವರು. ಇದು ಅಪರಾಧವಲ್ಲ, ಕಾನೂನುಬದ್ಧ ಸುಲಿಗೆ.

ಬ್ಯಾಂಕಾಕಿನ ಗ್ರ್ಯಾಂಡ್ ಪ್ಯಾಲೇಸ್ ಬಾಗಿಲಲ್ಲಿ ಒಳ್ಳೆ ಬಟ್ಟೆ ತೊಟ್ಟವರೊಬ್ಬರು 'ಇವತ್ತು ಮುಚ್ಚಿದೆ, ಬೇರೆ ದೇವಸ್ಥಾನ ತೋರಿಸುತ್ತೇನೆ, ಟುಕ್‌ಟುಕ್ ಬಹಳ ಅಗ್ಗ' ಎಂದರೆ ಅದು ರತ್ನದ ಅಂಗಡಿಗೆ ಒಯ್ಯುವ ದಾರಿ. ಟಿಕೆಟ್ ಕೌಂಟರಿನವರೆಗೆ ನಡೆದು ಕೇಳಿ. ಪ್ಯಾರಿಸ್ಸಿನ ಸಾಕ್ರೆ ಕೋರ್ ಮೆಟ್ಟಿಲ ಹತ್ತಿರ ಬೆರಳಿಗೆ ದಾರ ಸುತ್ತಲು ಬರುವವರಿಗೆ, ಸಹಿ ಕೇಳುವವರಿಗೆ, ನೆಲದಿಂದ ಉಂಗುರ ಎತ್ತಿ ಕೊಡುವವರಿಗೆ ಕೈ ಕೊಡಬೇಡಿ. ಇಸ್ತಾಂಬುಲಿನಲ್ಲಿ ಬೂಟು ಪಾಲಿಶ್ ಮಾಡುವವನ ಬ್ರಷ್ ನಿಮ್ಮೆದುರು ಬೀಳುತ್ತದೆ, ಎತ್ತಿಕೊಟ್ಟರೆ ಉಪಕಾರಕ್ಕೆ ಪಾಲಿಶ್, ಆಮೇಲೆ ಬಿಲ್ಲು. ನಮ್ಮವರ ದಾಕ್ಷಿಣ್ಯವೇ ಇವರಿಗೆಲ್ಲ ಬಂಡವಾಳ. ಉತ್ತರ ಕೊಡದೆ ನಡೆದುಹೋಗುವುದು ಅಗೌರವವಲ್ಲ.

ಬಾಡಿಗೆ ಸ್ಕೂಟರು, ಜೆಟ್ ಸ್ಕೀ ವಿಷಯದಲ್ಲಿ ಬೆಲೆಗಿಂತ ಅಡವು ಮುಖ್ಯ. ಪಾಸ್‌ಪೋರ್ಟು ಅಡವಿಟ್ಟರೆ, 'ಗೀರು ಬಿದ್ದಿದೆ' ಎಂದು ಅವರು ಕೇಳಿದಷ್ಟು ಕೊಡದೆ ಬಿಡಿಸಿಕೊಳ್ಳಲಾಗದು. ನಗದು ಠೇವಣಿ ಅಥವಾ ಪ್ರತಿ ಸಾಕೆನ್ನುವ ಅಂಗಡಿ ಹುಡುಕಿ. ಜೆಟ್ ಸ್ಕೀಯ ತಳವನ್ನೂ ಸೇರಿಸಿ ಮಾಲೀಕನ ಮುಖ ಕಾಣುವಂತೆ ವಿಡಿಯೊ ಮಾಡಿ. ಪಟ್ಟಾಯ, ಫುಕೆಟ್‌ನಲ್ಲಿ ಜಗಳವಾದರೆ 1155ಕ್ಕೆ, ಅಂದರೆ ಪ್ರವಾಸಿ ಪೊಲೀಸರಿಗೆ, ಕರೆ ಮಾಡಿ. ಫೋನ್ ಕೈಗೆತ್ತಿಕೊಂಡರೇ ಎಷ್ಟೋ ಸಲ ಬೆಲೆ ಇಳಿಯುತ್ತದೆ. ಕಾರವಾರ, ಶಿರಸಿ, ಹೊನ್ನಾವರದ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಒಂದು ವರ್ಷದ ಅವಧಿಗೆ ಸಿಗುತ್ತದೆ. ಥಾಯ್ಲೆಂಡಿನಲ್ಲಿ ನಡೆಯುತ್ತದೆ. ವಿಯೆಟ್ನಾಮಿನಲ್ಲಿ ನಡೆಯುವುದಿಲ್ಲ, ಏಕೆಂದರೆ ನಮ್ಮದು 1949ರ ಜಿನೀವಾ ಒಪ್ಪಂದದ್ದು, ಅವರದು 1968ರ ವಿಯೆನ್ನಾದ್ದು. ಅಪಘಾತವಾದರೆ ವಿಮೆ ಕಂಪನಿ ಕೈಯೆತ್ತುತ್ತದೆ. ಅಲ್ಲಿ ಹಿಂದೆ ಕೂತು ಹೋಗುವುದೇ ಲೇಸು.

ಮಫ್ತಿಯಲ್ಲಿ ಬಂದು 'ಪೊಲೀಸ್, ಖೋಟಾನೋಟು ತಪಾಸಣೆ, ಪರ್ಸು ಕೊಡಿ' ಎನ್ನುವವರಿಗೆ ಪರ್ಸು ಕೊಡಬೇಡಿ. 'ಠಾಣೆಗೆ ಹೋಗೋಣ' ಎನ್ನಿ, ಆ ದೇಶದ ತುರ್ತು ಸಂಖ್ಯೆ ಒತ್ತಿ: ಯುರೋಪಿನಲ್ಲಿ 112, ಯುಎಇ, ಸಿಂಗಾಪುರ, ಮಲೇಷ್ಯಾದಲ್ಲಿ 999, ಅಮೆರಿಕದಲ್ಲಿ 911, ವಿಯೆಟ್ನಾಮಿನಲ್ಲಿ 113. ಚಾಕು ತೋರಿಸಿ ಕೇಳಿದರೆ ಮಾತ್ರ ವಾದ ಬೇಡ, ಕೊಟ್ಟುಬಿಡಿ.

ಮನೆಯಲ್ಲಿರುವವರಿಗೆ

ನೀವು ವಿಮಾನದಲ್ಲಿದ್ದಾಗ ಫೋನ್ ಆಫ್. ಫೇಸ್‌ಬುಕ್‌ನಲ್ಲಿ ಬೋರ್ಡಿಂಗ್ ಪಾಸಿನ ಚಿತ್ರ ಹಾಕಿದ್ದೀರಿ. ಅದೇ ಹೊತ್ತಿಗೆ ಶಿರಸಿಯ ಮನೆಗೆ ಕರೆ ಬರುತ್ತದೆ: 'ನಿಮ್ಮ ಮಗ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದ್ದಾನೆ, ಈಗಲೇ ಹಣ ಹಾಕಿ.' ಹಿಂದೆ ಅಳುವ ದನಿ ಕೂಡ ಕೇಳಿಸಬಹುದು, ದನಿಯನ್ನು ಈಗ ನಕಲು ಮಾಡುತ್ತಾರೆ. ಹೊರಡುವ ಮೊದಲೇ ಮನೆಯವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆ ನಿಗದಿ ಮಾಡಿ. ಹಳೆ ಎತ್ತಿನ ಹೆಸರಾದರೂ ಸರಿ, ಜಾಲತಾಣದಲ್ಲಿ ಎಲ್ಲೂ ಇರಬಾರದು. ಬೋರ್ಡಿಂಗ್ ಪಾಸಿನ ಚಿತ್ರ ಹಾಕುವುದನ್ನು ಬಿಡಿ, ಅದರ ಬಾರ್‌ಕೋಡಿನಲ್ಲಿ ನಿಮ್ಮ ಬುಕಿಂಗ್ ವಿವರ ಇರುತ್ತದೆ. ವಿಡಿಯೊ ಕರೆಯಲ್ಲಿ 'ಡಿಜಿಟಲ್ ಅರೆಸ್ಟ್' ಮಾಡುವ ಅಧಿಕಾರ ನಮ್ಮ ಕಾನೂನಿನಲ್ಲಿ ಯಾರಿಗೂ ಇಲ್ಲ. ಭಾರತೀಯ ದೂತಾವಾಸ ಫೋನಿನಲ್ಲಿ ದಂಡ ಕೇಳುವುದಿಲ್ಲ.

ಕಳುವಾದ ಮೇಲೆ, ಯಾವುದು ಮೊದಲು

ಕಾರ್ಡು ಹೋದರೆ ಪೊಲೀಸರಿಗಿಂತ ಮುಂಚೆ ಬ್ಯಾಂಕು. ಆ್ಯಪ್‌ನಲ್ಲಿ ಕಾರ್ಡು ಮುಚ್ಚಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ನಿಮ್ಮ ತಪ್ಪಿಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ ಎಂಬುದು ರಿಸರ್ವ್ ಬ್ಯಾಂಕಿನ 2017ರ ನಿಯಮ. ತಡಮಾಡಿದಷ್ಟೂ ನಿಮ್ಮ ಪಾಲು ಬೆಳೆಯುತ್ತದೆ. ಊರಿನ ಖಾತೆಯಿಂದ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಬೇಕು. ಹೊರಗಿನಿಂದ ಕರೆ ತಾಗದಿದ್ದರೆ ಮನೆಯವರಿಂದ ಮಾಡಿಸಿ, ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೂ ಅವರನ್ನೇ ಕಳಿಸಿ. ಏಜೆಂಟ್, ಮಾಲೀಕರ ಮೇಲಿನ ದೂರಿಗೆ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣ ಇದೆ. ಅದರಲ್ಲಿ ಊರಿನಿಂದಲೂ ದೂರು ದಾಖಲಿಸಬಹುದು.

ಪಾಸ್‌ಪೋರ್ಟು ಹೋದರೆ ಕ್ರಮ ಇದು: ಹತ್ತಿರದ ಠಾಣೆಯಲ್ಲಿ ಲಿಖಿತ ದೂರು, ಅದರ ಪ್ರತಿ, ಆಮೇಲೆ ಭಾರತೀಯ ದೂತಾವಾಸ. ತಕ್ಷಣ ಊರಿಗೆ ಬರಬೇಕಾದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೇಳಿ. ಅದು ಭಾರತಕ್ಕೆ ಒಮ್ಮೆ ಬರಲು ಮಾತ್ರ, ಮುಂದಿನ ದೇಶಕ್ಕೆ ಹೋಗಲು ಆಗುವುದಿಲ್ಲ. ಪ್ರವಾಸ ಮುಂದುವರಿಸುವುದಿದ್ದರೆ ಹೊಸ ಪಾಸ್‌ಪೋರ್ಟಿಗೇ ಅರ್ಜಿ ಹಾಕಬೇಕು, ದಿನ ಹಿಡಿಯುತ್ತದೆ. ಸರ್ಟಿಫಿಕೇಟ್ ಸಿಕ್ಕಿತೆಂದು ನೇರ ಏರ್‌ಪೋರ್ಟಿಗೆ ಓಡಬೇಡಿ. ನಿಮ್ಮ ಪ್ರವೇಶದ ಮುದ್ರೆ ಹಳೆಯ ಪಾಸ್‌ಪೋರ್ಟಿನಲ್ಲಿ ಹೋಗಿರುವುದರಿಂದ ಹಲವು ದೇಶಗಳಲ್ಲಿ ಇಮಿಗ್ರೇಷನ್ ಕಚೇರಿಯಿಂದ ಹೊರಹೋಗುವ ಅನುಮತಿ ಬೇಕಾಗುತ್ತದೆ. ಇದಕ್ಕೆಂದು ಎರಡು ಮೂರು ದಿನ ಇಟ್ಟುಕೊಂಡೇ ಟಿಕೆಟ್ ಬದಲಿಸಿ. ಈ ನಡುವೆ ಹಳೆಯ ಪಾಸ್‌ಪೋರ್ಟು ಹೋಟೆಲಿನ ಹಾಸಿಗೆಯ ಕೆಳಗೆ ಸಿಕ್ಕರೂ ಅದನ್ನು ಬಳಸಬೇಡಿ. ಕಳೆದಿದೆ ಎಂದು ದಾಖಲಿಸಿದ ಕೂಡಲೇ ಅದು ರದ್ದಾಗಿರುತ್ತದೆ. ತೋರಿಸಿದರೆ ಕೌಂಟರಿನಲ್ಲೇ ನಿಲ್ಲಿಸುತ್ತಾರೆ. ದೂತಾವಾಸಕ್ಕೆ ಒಪ್ಪಿಸಿ, ಸ್ವೀಕೃತಿ ತೆಗೆದುಕೊಳ್ಳಿ.